ಅಕ್ಕ ಕೊನೆಯವರೆಗೂ ಓದಿದ್ದಳು

ಭಾವನವರಿಗೆ,

ಕಾಗದದ ಮೊದಲ ಸಾಲಿನಲ್ಲೇ ಎದುರಿನವರ ಕ್ಷೇಮ ವಿಚಾರಿಸಬೇಕು ಎಂದು ಅಮ್ಮ ಕಲಿಸಿದ್ದಳು. ನಾನು ವಿಚಾರಿಸುವುದಿಲ್ಲ. ನೀವು ಚೆನ್ನಾಗಿಯೇ ಇರುತ್ತೀರಿ. ಇನ್ನೊಬ್ಬರ ನೆಮ್ಮದಿ ಕೆಡಿಸಿದವರಿಗೆ ನಿದ್ದೆ ಸೊಗಸಾಗಿ ಬರುತ್ತದೆ ಎಂಬುದನ್ನು ನಿಮ್ಮನ್ನು ನೋಡಿಯೇ ಕಲಿತೆ. ಈ ಕಾಗದದುದ್ದಕ್ಕೂ "ನೀವು" ಎಂದು ಬಹುವಚನ ಕಾಣುತ್ತದೆ. ಅದು ನಿಮಗಲ್ಲ, ಅಕ್ಕನ ಗಂಡ ಎಂಬ ಜಾಗಕ್ಕೆ. ಜಾಗ ಖಾಲಿ ಇದ್ದಿದ್ದರೂ ಅಷ್ಟೇ ಮರ್ಯಾದೆ ಕೊಡುತ್ತಿದ್ದೆ.

ಅಕ್ಕ ನನ್ನ ಮನೆಗೆ ಬಂದು ಕೆಲವು ದಿನಗಳಾದವು. ದಿನವೂ ಫೋನ್ ಮಾಡುತ್ತೀರಿ, ದಿನವೂ ಅದೇ ರಾಗ: "ಮಾತ್ರೆ ನೀನೇ ನೆನಪು ಮಾಡು, ಅವಳಿಗೆ ನೆನಪಿರಲ್ಲ. ಒಲೆ ಹತ್ರ ಒಬ್ಬಳನ್ನೇ ಬಿಡ್ಬೇಡ." ಎಂಥ ಕಾಳಜಿ! ಕೇಳುವಾಗ ನನ್ನ ಮೈಯೆಲ್ಲ ಉರಿಯುತ್ತದೆ. ಫೋನಿನಲ್ಲಿ ಬೈಯೋಣವೆಂದರೆ ನೀವು ಮಾತು ತಿರುಗಿಸುವುದರಲ್ಲಿ ಗಟ್ಟಿಗರು. ಅದಕ್ಕೇ ಬರೆಯಲು ಕೂತೆ. ನಿಮಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ಗೊತ್ತಿಲ್ಲದವರ ಹಾಗೆ ಮುಖ ಇಟ್ಟುಕೊಂಡು ಇಟ್ಟುಕೊಂಡು ನಿಮಗೇ ಅದು ನಿಜವೆನಿಸಿರಬಹುದು, ಆದ್ದರಿಂದ ಬುಡದಿಂದ ಹೇಳುತ್ತೇನೆ.

ಕಣ್ಣು ಕಾಣದವರಿಗೆ ಪುಸ್ತಕ ಕೇಳಿಸುವ ಸಂಸ್ಥೆ ನಮ್ಮದು. ನೀವು ಮೇಲಿನ ಮಹಡಿಯ ತಣ್ಣನೆಯ ಕೋಣೆಯಲ್ಲಿ ಕಂಪ್ಯೂಟರುಗಳಿಗೆಲ್ಲ ಯಜಮಾನರು, ನಾನು ಕೆಳಗೆ ಕೇಳುಗರ ಫೋನ್ ತೆಗೆದುಕೊಳ್ಳುವವಳು. ಅಕ್ಕ ನೌಕರಳಲ್ಲ, ಓದುವವಳು. ಮನೆಯಲ್ಲೇ, ಬೀರುವಿಗೂ ಗೋಡೆಗೂ ನಡುವಿನ ಮೂಲೆಯಲ್ಲಿ ಕಂಬಳಿ ಇಳಿಬಿಟ್ಟು, ಮೈಕ್ ಮುಂದೆ ಕೂತು ಓದುತ್ತಿದ್ದಳು. ಆ ಕಂಬಳಿಗೆ ಮೊಳೆ ಹೊಡೆದು ಕಟ್ಟಿಕೊಟ್ಟವರು ನೀವೇ. ಹೊಡೆಯುವಾಗ ಹೆಬ್ಬೆರಳು ಜಜ್ಜಿಕೊಂಡು, "ನಿನ್ನ ಕಥೆಗೆ ಮೊದಲ ಬಲಿ ನಾನೇ" ಎಂದು ನಕ್ಕಿದ್ದಿರಿ. ಆ ದಿನ ನೀವು ನನಗೆ ತುಂಬ ಇಷ್ಟವಾಗಿದ್ದಿರಿ. ಅದನ್ನು ನೆನೆಸಿಕೊಂಡರೆ ಈಗ ಸಿಟ್ಟು ಇನ್ನೂ ಏರುತ್ತದೆ.

ಉಳಿದವರೆಲ್ಲ ಒಂದೊಂದು ಅಧ್ಯಾಯಕ್ಕೆ ಒಂದೊಂದು ಫೈಲ್ ಮಾಡಿ ಕಳಿಸುತ್ತಾರೆ. ಅಕ್ಕ ಹಾಗೆ ಮಾಡಿದವಳಲ್ಲ. ಇಡೀ ಪುಸ್ತಕವನ್ನು ಒಂದೇ ಉದ್ದನೆಯ ಫೈಲಾಗಿ ಜೋಡಿಸಿ ಹೊರಗಿನ ಸ್ಟುಡಿಯೋದ ಸರ್ವರಿಗೆ ಏರಿಸುತ್ತಿದ್ದಳು. ಯಾಕೆಂದು ಕೇಳಿದರೆ, "ಕೈಯಲ್ಲಿ ಕೂಸಿರತ್ತೆ, ಇಲ್ಲಾ ಕೈ ನಡುಗ್ತಿರತ್ತೆ. ಅಂಥವರು ಅಧ್ಯಾಯಕ್ಕೊಂದ್ಸಲ ಬಟನ್ ಹುಡುಕ್ಬೇಕಾ? ಒಂದ್ಸಲ ಒತ್ತಿದ್ರೆ ಸಾಕು, ನಾನು ಓದ್ತಾ ಇರ್ತೀನಿ" ಅನ್ನುತ್ತಿದ್ದಳು. ಏರಿಸಿದ ಮೇಲೆ ತನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ ಅಳಿಸಿಬಿಡುತ್ತಿದ್ದಳು. ಓದುವವರಿಗೆ ಸರ್ವರಿಗೆ ಹಾಕಲು ಮಾತ್ರ ಅನುಮತಿ, ಅಲ್ಲಿಂದ ತೆಗೆಯಲು ಇಲ್ಲ. ತೆಗೆಯುವುದು ನಮ್ಮ ಕಚೇರಿಯ ಕೆಲಸ, ಅದೂ ನಿಮ್ಮ ಪ್ರಾಕ್ಸಿಯ ಮೂಲಕ. ಹೊರಗಿನಿಂದ ಬರುವ ಪ್ರತಿಯೊಂದು ಫೈಲನ್ನೂ ನಡುವೆ ನಿಂತು ತಡವಿ ನೋಡಿ ಒಳಗೆ ಬಿಡುವ ಆ ಕಾವಲು ಯಂತ್ರದ ಬಗ್ಗೆ ನಿಮಗೆ ಹೆತ್ತ ಮಗನ ಮೇಲಿನಷ್ಟು ಅಭಿಮಾನ.

ಆಮೇಲೆ ಫೋನುಗಳು ಶುರುವಾದವು. ಮೊದಲು ಬಂದದ್ದು ಟೈಲರ್ ಅಜ್ಜನದು. ದೃಷ್ಟಿ ಹೋಗುವವರೆಗೂ ಕೋಟು ಹೊಲಿಯುತ್ತಿದ್ದವರು, ಪತ್ತೇದಾರಿ ಕಾದಂಬರಿ ಅಂದರೆ ಪ್ರಾಣ. "ಏನಮ್ಮಾ, ಕೊಲೆ ಮಾಡಿದ್ದು ಯಾರು ಅಂತ ಹೇಳೋ ಹೊತ್ತಿಗೆ ನಿಮ್ಮಕ್ಕ ಎದ್ದು ಹೋಗ್ಬಿಟ್ರಲ್ಲ? ಒಲೆ ಮೇಲೆ ಹಾಲಿಟ್ಟಿದ್ರಾ?" ಎಂದರು. ನಾನೂ ನಕ್ಕೆ. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಅಕ್ಕನ ಪುಸ್ತಕಗಳು ಮಾತ್ರ ಕೊನೆಯ ಭಾಗವಿಲ್ಲದೆ ನಿಂತುಹೋಗುತ್ತಿದ್ದವು. ಸಮಿತಿ ಕೂತಿತು. ದೂರುಗಳನ್ನು ಹೇಳಲು ನನ್ನನ್ನೂ ಕರೆಸಿದ್ದರು. "ಯಂತ್ರದ ಕಡೆಯಿಂದ ಏನಾದ್ರೂ ತೊಂದರೆ ಇರಬಹುದಾ?" ಎಂದು ನಿರ್ದೇಶಕರು ನಿಮ್ಮನ್ನು ಕೇಳಿದರು. ನೀವು ಕನ್ನಡಕ ಒರೆಸಿಕೊಂಡು, "ನಮ್ಮ ಕಡೆ ಎಲ್ಲಾ ಸರಿಯಾಗಿದೆ ಸಾರ್. ಡೌನ್‌ಲೋಡ್ ಪೂರ್ಣ ಅಂತಲೇ ತೋರಿಸ್ತಿದೆ. ಹೇಳೋಕೆ ಸಂಕಟ ಆಗತ್ತೆ, ಅವಳಿಗೆ ಇತ್ತೀಚೆಗೆ ಸ್ವಲ್ಪ ಮರೆವು" ಎಂದಿರಿ. ಕಟ್ಟಿಕೊಂಡ ಗಂಡನೇ ಹೇಳಿದ ಮೇಲೆ ಯಾರು ಅಡ್ಡ ಮಾತಾಡುತ್ತಾರೆ? ಓದುವವರ ಪಟ್ಟಿಯಿಂದ ಅಕ್ಕನನ್ನು ತೆಗೆದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ನೀವು ಬರೆ ಹಾಕಿ ಸುಮ್ಮನಾಗಲಿಲ್ಲ, ಎಮ್ಮೆಯನ್ನು ಡಾಕ್ಟರ ಹತ್ತಿರವೂ ಕರೆದುಕೊಂಡು ಹೋದಿರಿ. ಡಾಕ್ಟರು ಚಿತ್ರ ತೋರಿಸಿ ಹೆಸರು ಕೇಳಿದರು, ಹಿಂದುಮುಂದಾಗಿ ಎಣಿಸಲು ಹೇಳಿದರು, ಏನೂ ಸಿಗಲಿಲ್ಲ. ಆದರೂ ಇರಲಿ ಎಂದು ಯಾವುದೋ ಮಾತ್ರೆ ಬರೆಸಿಕೊಂಡು ಬಂದಿರಿ. ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದಿರಿ. ಆ ಡಬ್ಬಿಗಳನ್ನು ಅವಳು ಕಣ್ಣು ಮುಚ್ಚಿ ತೆಗೆಯುತ್ತಿದ್ದಳು, ಭಾವ. ಚೀಟಿ ಅಂಟಿಸಿದ ಮೇಲೆ ಓದಿ ಓದಿ ತೆಗೆಯಲು ಶುರು ಮಾಡಿದಳು. ಮನೆಯಿಂದ ಹೊರಟವಳು ಬೀಗ ಎಳೆದು ನೋಡಲು ತಿರುಗಿ ಬರುತ್ತಿದ್ದಳು. ನನಗೆ ಫೋನ್ ಮಾಡಿ, "ನಿನಗೆ ಬೆಳಿಗ್ಗೆ ಫೋನ್ ಮಾಡಿದ್ನೇನೇ? ನಿಜ ಹೇಳು" ಎಂದು ಪಿಸುಗುಡುತ್ತಿದ್ದಳು. ಮರೆವಿಲ್ಲದ ಹೆಂಗಸು ತನಗೆ ಮರೆವಿದೆ ಎಂದು ನಂಬಿಕೊಂಡು ದಿನದಿನಕ್ಕೆ ಕುಗ್ಗುವುದನ್ನು ನಾನು ನೋಡಿದ್ದೇನೆ. ನೀವು ಅದೇ ಮನೆಯಲ್ಲಿ ಕೂತು, ಅವಳು ಮಾಡಿಕೊಟ್ಟ ಚಹಾ ಕುಡಿಯುತ್ತ ನೋಡಿದ್ದೀರಿ.

ಹೀಗೇ ನಡೆದುಹೋಗುತ್ತಿತ್ತು, ಬ್ರೌಸರ್ ಬದಲಾಗದೆ ಇದ್ದಿದ್ದರೆ. ಡೌನ್‌ಲೋಡ್ ನೋಡಿಕೊಳ್ಳುತ್ತಿದ್ದ ಹುಡುಗಿ ಹೆರಿಗೆಗೆ ಹೋದಳು, ಅವಳ ಕುರ್ಚಿ ನನಗೆ ಬಂತು. ಅದೇ ಸಮಯಕ್ಕೆ ಎಲ್ಲ ಕಂಪ್ಯೂಟರುಗಳಿಗೂ ಹೊಸ ಬ್ರೌಸರ್ ಬಂತು. ಅಕ್ಕನ ಹಳೆಯ ಪುಸ್ತಕವೊಂದನ್ನು ಕೇಳುಗರೊಬ್ಬರು ಮತ್ತೆ ಬೇಕೆಂದಿದ್ದರು, ತೆಗೆಯಲು ಹೋದೆ. ನೀಲಿ ಪಟ್ಟಿ ಓಡಿತು, ಓಡಿತು, ಮುಕ್ಕಾಲು ದಾಟಿದ ಮೇಲೆ ನಿಂತು "ವಿಫಲ" ಎಂದು ಕೆಂಪಗಾಯಿತು. ಮತ್ತೆ ಒತ್ತಿದೆ, ಅದೇ ಜಾಗದಲ್ಲಿ ವಿಫಲ. ಕಂಪ್ಯೂಟರ್ ಆರಿಸಿ ಹಚ್ಚಿದೆ. ಪಕ್ಕದ ಮೇಜಿನಲ್ಲಿ ಮಾಡಿ ನೋಡಿದೆ. ಬೇರೆಯವರ ಚಿಕ್ಕ ಫೈಲುಗಳು ಸಲೀಸಾಗಿ ಬರುತ್ತಿದ್ದವು, ಅಕ್ಕನದು ಮಾತ್ರ ಬರುತ್ತಿರಲಿಲ್ಲ.

ನಿಮಗೆ ಫೋನ್ ಮಾಡಿದೆ. ಯಾವ ಫೈಲ್ ಎಂದು ಕೂಡ ನೀವು ಕೇಳಲಿಲ್ಲ. "ಉದ್ದದ್ದು ತಾನೆ? ಹೊಸ ಬ್ರೌಸರ್‌ಗೆ ಕೊಬ್ಬು ಜಾಸ್ತಿ. ಹಳೇದನ್ನೇ ಹಾಕಿಸಿ ಕೊಡ್ತೀನಿ, ಅದರಲ್ಲಿ ತೆಗಿ" ಎಂದಿರಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನಾದರೂ ಕೂಗಿದ ಮೇಲೆ ಮುಟ್ಟಿಕೊಂಡ, ನೀವು ಕೂಗುವ ಮೊದಲೇ ಮುಟ್ಟಿಕೊಂಡಿರಿ.

ಹಳೆಯ ಬ್ರೌಸರ್ ಬಂತು. ಅದೇ ಫೈಲು ಸರಾಗವಾಗಿ ಇಳಿದು "ಪೂರ್ಣ" ಎಂದು ಹಸಿರಾಯಿತು. ಬೇರೆ ಯಾರಾದರೂ ಆಗಿದ್ದರೆ ಸದ್ಯ ಬಂತಲ್ಲ ಎಂದು ಎದ್ದು ಹೋಗುತ್ತಿದ್ದರು. ನನ್ನದು ಕೆಟ್ಟ ಕುತೂಹಲ. ಸರ್ವರಿನ ಪುಟದಲ್ಲಿ ಫೈಲಿನ ಗಾತ್ರ ಬರೆದಿರುತ್ತದೆ, ಇಳಿದದ್ದರ ಗಾತ್ರ ಅದಕ್ಕಿಂತ ಎಷ್ಟೋ ಕಡಿಮೆ ಇತ್ತು. ಲೀಟರ್ ಎಂದು ಹೇಳಿ ಮುಕ್ಕಾಲು ಲೀಟರ್ ಸುರಿದು ಹೋಗುವ ಹಾಲಿನವನ ಕೆಲಸ. ಮನೆಗೆ ಹೋಗಿ ನನ್ನದೇ ಕಂಪ್ಯೂಟರಿನಲ್ಲಿ ಕಚೇರಿಯ ಪಾಸ್‌ವರ್ಡ್ ಹಾಕಿ, ನಿಮ್ಮ ಪ್ರಾಕ್ಸಿಯ ಹಂಗಿಲ್ಲದೆ, ಹೊಸ ಬ್ರೌಸರಿನಲ್ಲೇ ತೆಗೆದೆ. ಇಡೀ ಫೈಲು ಬಂತು. ಹಾಗಾದರೆ ಹೊಸ ಬ್ರೌಸರಿನದು ಏನೂ ತಪ್ಪಿರಲಿಲ್ಲ. ಅರ್ಧಂಬರ್ಧ ಬಂದದ್ದನ್ನು ಅದು ಅರ್ಧಂಬರ್ಧ ಎಂದಿತು, ಅಷ್ಟೇ. ಹಳೆಯದು ಇಷ್ಟು ಕಾಲವೂ ಬಾಲ ಕತ್ತರಿಸಿದ ಫೈಲನ್ನು ಪೂರ್ಣ ಎಂದು ಕೊಡುತ್ತಿತ್ತು. ಕತ್ತರಿಸುತ್ತಿದ್ದದ್ದು ನಡುವೆ ನಿಂತಿದ್ದ ನಿಮ್ಮ ಕಾವಲುಗಾರ. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು.

ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೊನೆಯ ಭಾಗ ಕೇಳಿದೆ. ಅಕ್ಕ ಒಂದು ಸಾಲನ್ನೂ ಬಿಟ್ಟಿರಲಿಲ್ಲ. ಕಥೆ ಮುಗಿದ ಮೇಲೆ ಒಂದು ಉಸಿರು ತೆಗೆದುಕೊಂಡು, "ಇಲ್ಲಿಗೆ ಈ ಪುಸ್ತಕ ಮುಗಿಯಿತು. ಇಷ್ಟು ಹೊತ್ತು ಜೊತೆಗಿದ್ದಿರಿ, ಸಂತೋಷ" ಎಂದಳು. ಬೇರೆ ಪುಸ್ತಕಗಳನ್ನೂ ತೆಗೆದು ಕೇಳಿದೆ. ಪ್ರತಿಯೊಂದರ ಕೊನೆಯಲ್ಲೂ ಅದೇ ಮಾತು ಇತ್ತು, ಒಬ್ಬ ಕೇಳುಗನಿಗೂ ತಲುಪದೆ. ನಾನು ಜೋರಾಗಿ ಅತ್ತೆ.

ಆಗಲೂ ನಿಮ್ಮ ಮೇಲೆ ಅನುಮಾನ ಬಂದಿರಲಿಲ್ಲ ಎಂದರೆ ನಗುತ್ತೀರೇನೋ. ಪಾಪ, ಇವರಿಗೂ ಗೊತ್ತಾಗಿಲ್ಲ, ಗೊತ್ತಾದರೆ ಎಷ್ಟು ನೊಂದುಕೊಳ್ಳುತ್ತಾರೋ ಎಂದುಕೊಂಡೇ ಮರುದಿನ ಕಚೇರಿಗೆ ಹೋದೆ. ಕ್ಯಾಂಟೀನಿನಲ್ಲಿ ನಿರ್ದೇಶಕರು ಸಿಕ್ಕರು. ಉದ್ದನೆಯ ಫೈಲುಗಳು ತುಂಡಾಗುತ್ತಿವೆ ಸಾರ್ ಎಂದೆ, ಅಷ್ಟೇ. ಅವರು ಲೋಟ ಊದುತ್ತ, "ಓ, ಅದಾ? ನನಗೂ ಹಾಗೇ ಆಗ್ತಿತ್ತು. ವಿಡಿಯೋ ಎಲ್ಲಾ ಅರ್ಧಕ್ಕೇ ನಿಲ್ತಿತ್ತು. ನಿಮ್ಮ ಭಾವ ಒಂದೇ ನಿಮಿಷದಲ್ಲಿ ಸರಿ ಮಾಡಿಕೊಟ್ರು. ನನ್ನ ಕಂಪ್ಯೂಟರ್ ಒಂದನ್ನ ಪ್ರಾಕ್ಸಿಯಿಂದ ಆಚೆ ಇಟ್ಟಿದ್ದಾರೆ" ಎಂದರು. ಯಾವಾಗ ಸಾರ್ ಎಂದು ಕೇಳಿದೆ. ನಿಮ್ಮಕ್ಕನ ವಿಷಯಕ್ಕೆ ಸಮಿತಿ ಕೂರುವುದಕ್ಕೂ ಎಷ್ಟೋ ಮೊದಲು ಎಂದರು. ಆ ಮನುಷ್ಯನಿಗೆ ಎರಡಕ್ಕೂ ಸಂಬಂಧ ಹೊಳೆದಿರಲಿಲ್ಲ. ನಾನು ಕೈಯಲ್ಲಿದ್ದ ಚಹಾವನ್ನು ಅಲ್ಲೇ ಇಟ್ಟು ಎದ್ದೆ.

ಮಹಡಿ ಹತ್ತಿ ಬಂದು ನಿಮ್ಮನ್ನು ಕೇಳಿದೆ. ಬಾಗಿಲು ಹಾಕಿಕೊಂಡು ಬಂದು ನೀವು ಹೇಳಿದ್ದನ್ನು ಒಂದಕ್ಷರವೂ ಬಿಡದೆ ಬರೆಯುತ್ತೇನೆ, ನಮ್ಮ ವಂಶದಲ್ಲಿ ಯಾರಿಗೂ ಮರೆವಿಲ್ಲ. "ಲೈನ್ ನಿಧಾನ ಅಂತ ಎಲ್ಲಾ ಬಾಯಿ ಬಡ್ಕೊತಿದ್ರು. ಉದ್ದದ ಫೈಲ್ ತಡವೋಕೆ ಹೊತ್ತಾದ್ರೆ ಅಲ್ಲಿಗೇ ನಿಲ್ಸಿಬಿಡು ಅಂತ ಪ್ರಾಕ್ಸಿಗೆ ಹೇಳಿದ್ದೆ. ಲೈನ್ ಚುರುಕಾಯ್ತು, ಎಲ್ಲಾ ಹೊಗಳಿದ್ರು. ಆಮೇಲೆ ಗೊತ್ತಾಯ್ತು. ಅಷ್ಟು ಹೊತ್ತಿಗೆ ಅವಳ ಮೇಲೆ ದೂರು ಬಂದಾಗಿತ್ತು. ಆಗ ಒಪ್ಕೊಂಡಿದ್ರೆ ನನ್ನ ಮರ್ಯಾದೆ ಏನಾಗ್ತಿತ್ತು? ಹೇಗಿದ್ರೂ ಅವಳಿಗೂ ವಯಸ್ಸಾಯ್ತು, ವಿಶ್ರಾಂತಿ ಬೇಕಿತ್ತು." ವಿಶ್ರಾಂತಿ! ಆ ಪದ ಆಡಿದ ನಾಲಿಗೆಗೆ ಹುಳ ಬೀಳಲಿ ಎಂದು ಅಲ್ಲೇ ನಿಂತು ಶಪಿಸಿದೆ, ಬಾಯಿ ಬಿಟ್ಟು ಅಲ್ಲ, ಮನಸ್ಸಿನೊಳಗೆ. ಅದನ್ನು ಇಲ್ಲಿ ಬಾಯಿ ಬಿಟ್ಟು ಹೇಳುತ್ತಿದ್ದೇನೆ.

ಅವತ್ತು ಸಂಜೆಯೇ ನೀವು ಪ್ರಾಕ್ಸಿಯನ್ನು ಸರಿಪಡಿಸಿದಿರಿ. "ಹೊಸ ಬ್ರೌಸರಿನ ದೋಷವನ್ನು ನಿವಾರಿಸಲಾಗಿದೆ" ಎಂದು ಎಲ್ಲರಿಗೂ ಸಂದೇಶ ಬಂತು. ಹೆಂಡತಿಯ ತಲೆಗೆ ಕಟ್ಟಿದ್ದನ್ನು ಬಿಚ್ಚಿ ಬ್ರೌಸರಿನ ತಲೆಗಾದರೂ ಕಟ್ಟಿದಿರಲ್ಲ ಎಂದು ಸಮಾಧಾನ ಪಡೋಣವೆಂದರೆ, ಅವಳ ತಲೆಯಿಂದ ಬಿಚ್ಚಿಯೇ ಇರಲಿಲ್ಲ.

ನಾನು ಅಕ್ಕನನ್ನು ಮನೆಗೆ ಕರೆತಂದೆ. ಧೈರ್ಯ ತಂದುಕೊಳ್ಳಲು ಕೆಲವು ದಿನ ಬೇಕಾಯಿತು, ಇವತ್ತು ಕೂರಿಸಿ ಕೇಳಿಸಿದೆ. ತನ್ನ ದನಿ ಕೇಳುತ್ತಲೇ ಅವಳು ಮೊದಲು ಹೆದರಿದಳು, ಎಲ್ಲಿ ನಿಂತುಬಿಡುತ್ತದೋ ಎಂದು ಸೆರಗಿನ ತುದಿಯನ್ನು ಹಿಡಿದುಕೊಂಡೇ ಕೂತಿದ್ದಳು. ಕೊನೆಯ ಮಾತು ಬಂದಾಗ "ನಾನು ಓದಿದ್ದೆ ಕಣೇ" ಎಂದಳು. ಆಮೇಲೆ ಇನ್ನೊಂದು ಸಲ ಅಂದಳು. ಆಫೀಸಿನ ಯಂತ್ರ ಕತ್ತರಿಸುತ್ತಿತ್ತು ಎಂದಷ್ಟೇ ಹೇಳಿದೆ. ಹಿಡಿದಿದ್ದ ಸೆರಗನ್ನು ಬಿಟ್ಟು ಕೇಳಿದಳು: "ಇವರಿಗೆ ಗೊತ್ತಿತ್ತಾ?"

ನಾನು ಬಾಯಿ ತೆರೆಯುವ ಮೊದಲೇ ಅವಳೇ ತಲೆಯಾಡಿಸಿದಳು. "ಇರಲಾರದು. ಗೊತ್ತಿದ್ದಿದ್ರೆ ನನ್ನನ್ನ ಡಾಕ್ಟರ ಹತ್ರ ಯಾಕೆ ಕರ್ಕೊಂಡು ಹೋಗ್ತಿದ್ರು? ಪಾಪ, ಎಷ್ಟು ಒದ್ದಾಡಿದ್ರು ನನಗೋಸ್ಕರ. ನಾಳೆನೇ ಹೋಗಿ ಹೇಳ್ತೀನಿ. ಎಷ್ಟು ಖುಷಿಯಾಗತ್ತೋ ಅವರಿಗೆ."

ಈಗ ಒಳಗಿನ ಕೋಣೆಯಲ್ಲಿ ಬಟ್ಟೆ ಮಡಿಸಿ ಚೀಲಕ್ಕೆ ತುಂಬುತ್ತಿದ್ದಾಳೆ. ಎಷ್ಟೋ ದಿನಗಳ ಮೇಲೆ ಹಾಡಿಕೊಳ್ಳುತ್ತಿದ್ದಾಳೆ. ಆ ಹಾಡನ್ನು ನಿಲ್ಲಿಸುವ ಧೈರ್ಯ ನನಗಿಲ್ಲ. ನಾನು ಹೇಳಿದರೆ ಅವಳು ನಂಬುವುದೂ ಇಲ್ಲ, ನಿಮ್ಮನ್ನು ಕಂಡರೆ ನನಗೆ ಆಗುವುದಿಲ್ಲ ಎಂದುಕೊಳ್ಳುತ್ತಾಳೆ. ಆದ್ದರಿಂದ ಈ ಕಾಗದವನ್ನು ಅಂಟಿಸಿ ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಬೇರೆಯವರ ಕಾಗದ ಒಡೆಯುವವಳಲ್ಲ ಅವಳು. ನೀವು ಇದನ್ನು ಓದುತ್ತಿರುವ ಈ ಹೊತ್ತಿನಲ್ಲಿ ಅವಳು ನಿಮ್ಮ ಎದುರಿಗೇ ನಿಂತಿದ್ದಾಳೆ, ಮುಖದ ತುಂಬ ನಗು ತುಂಬಿಕೊಂಡು. ಇನ್ನೇನು, "ಏನು ಬರ್ದಿದ್ದಾಳೆ?" ಎಂದು ಕೇಳುತ್ತಾಳೆ. ನೀವು ಏನು ಹೇಳಿದರೂ ನಂಬುತ್ತಾಳೆ.

ಹಿರಿಯರಿಗೆ ಕಿರಿಯರು ಹರಸಬಾರದು ಎನ್ನುತ್ತಾರೆ, ಆದರೂ ಹರಸುತ್ತೇನೆ. ನೀವು ನೂರು ವರ್ಷ ಬಾಳಿ. ಅಷ್ಟೂ ದಿನ ನಿಮ್ಮ ನೆನಪು ಗಟ್ಟಿಯಾಗಿರಲಿ.

ಇಂತಿ,
ನಿಮಗೆ ಇನ್ನೇನೂ ಆಗಲು ಮನಸ್ಸಿಲ್ಲದ,
ಅವಳ ತಂಗಿ