ಎಂಜಿನ್ ಆಫ್ ಇತ್ತು

ಮಾರ್ಚ್ 4, ಮಂಗಳವಾರ

ಬೆಳಗ್ಗೆ ಒಂದು ಕ್ಲಚ್, ಒಂದು ಆಯಿಲ್ ಚೇಂಜ್. ಮಧ್ಯಾಹ್ನದ ಮೇಲೆ ಮತ್ತೆ ಮಾವನ ವ್ಯಾನ್. ಹಳೇ ಫ್ಯಾನ್ ಬಿಚ್ಚಿ ಆಯಿತು. ಕಬ್ಬಿಣದ ರೆಕ್ಕೆಯ ರಾಕ್ಷಸ — ಬೇಕಿರಲಿ ಬೇಡದಿರಲಿ, ಬೆಲ್ಟ್ ಎಳೆದಂತೆ ಎಂಜಿನ್ ಜೊತೆ ತಿರುಗುತ್ತಿತ್ತು. ಅದರ ಜಾಗಕ್ಕೆ ಎಲೆಕ್ಟ್ರಿಕ್ ಫ್ಯಾನ್. ರೇಡಿಯೇಟರ್ ಬಿಸಿಯಾದರೆ ಮಾತ್ರ ಓಡುತ್ತದೆ, ತಣ್ಣಗಾದರೆ ನಿಲ್ಲುತ್ತದೆ.

ಮಾವ ಕಿರಿಮಗಳ ಮನೆಗೆ ಹೋಗಿದ್ದಾರೆ. ಶನಿವಾರ ವಾಪಸ್. ಅಷ್ಟರಲ್ಲಿ ಮುಗಿಸಬೇಕು. ಅವರಿದ್ದರೆ ಮುಟ್ಟಲು ಬಿಡುತ್ತಿರಲಿಲ್ಲ. "ಎಂಜಿನ್ ತಿರುಗಿದ್ರೆ ಫ್ಯಾನ್ ತಿರುಗ್ಬೇಕು, ಎಂಜಿನ್ ನಿಂತ್ರೆ ಫ್ಯಾನ್ ನಿಲ್ಬೇಕು. ನಿಮ್ಮ ಎಲೆಕ್ಟ್ರಿಕ್ಕು ಆಟದ ಸಾಮಾನು ಕಣೋ" — ಕೇಳಿ ಕೇಳಿ ಕಿವಿ ತೂತಾಗಿದೆ. ಕಸುಬು ಕಲಿಸಿದವರು ಅವರೇ. ಆಮೇಲೆ ಮಗಳನ್ನೂ ಕೊಟ್ಟರು. ಇಷ್ಟು ವರ್ಷವಾದರೂ ಗಿರಾಕಿಗಳಿಗೆ ನಾನು 'ಅವರ ಅಳಿಯ'. ಈ ಗ್ಯಾರೇಜಿನಲ್ಲಿ ಒಂದಾದರೂ ನನ್ನದು ಅಂತ ಇರಲಿ.

ಮಾರ್ಚ್ 6

ವೈರಿಂಗ್ ಮುಗಿಯಿತು. ಕರೆಂಟ್ ಕೀ ಲೈನಿನಿಂದ ಕೊಟ್ಟರೆ, ಕೀ ಆಫ್ ಮಾಡಿದ ಕೂಡಲೇ ಫ್ಯಾನ್ ಸಾಯುತ್ತದೆ. ನಾನು ನೇರ ಬ್ಯಾಟರಿಯಿಂದ ಎಳೆದೆ. ಗಾಡಿ ನಿಲ್ಲಿಸಿದ ಮೇಲೂ ರೇಡಿಯೇಟರ್ ಬಿಸಿ ಇದ್ದರೆ ತಾನೇ ಎದ್ದು ಓಡುತ್ತದೆ. ಟೆಸ್ಟ್ ಮಾಡಿದೆ. ಎಂಜಿನ್ ಆಫ್ ಮಾಡಿ ಕಾದೆ. ಸದ್ದಿಲ್ಲ... ಸದ್ದಿಲ್ಲ... ಆಮೇಲೆ ಗರ್ರ್! ಒಬ್ಬನೇ ನಿಂತು ನಕ್ಕೆ.

ಬಾನೆಟ್ ಒಳಗೆ ಒಂದು ಎಚ್ಚರಿಕೆ ಬರೆದು ಅಂಟಿಸಬೇಕು. ನಾಳೆ.

ಮಾರ್ಚ್ 8, ಶನಿವಾರ

ಮಾವ ಬಂದರು. ಬ್ಯಾಗ್ ಕೂಡ ಕೆಳಗಿಡದೆ ಬಾನೆಟ್ ಎತ್ತಿದರು. ಆಮೇಲೆ, "ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ನೋಡೋಣ ಅಳಿಯಂದ್ರೇ." ಸಿಟ್ಟು ಬಂದಾಗ ಮಾತ್ರ ನಾನು ಅಳಿಯಂದಿರು. ಇಲ್ಲದಿದ್ದರೆ ಬರೀ 'ಲೋ'.

ಆಫ್ ಆದ ಮೇಲೂ ಓಡುತ್ತೆ, ಹುಷಾರು ಅಂತ ಹೇಳಲು ಬಾಯಿ ತೆರೆದೆ. ಗೋಣಿ ಅಂದರಲ್ಲ... ಮುಚ್ಚಿಕೊಂಡೆ. ತಾನಾಗಿ ಓಡುವುದನ್ನು ಅವರೇ ನೋಡಲಿ, ಬೆರಗಾಗಲಿ.

ಮಾರ್ಚ್ 10, ಸಂಜೆ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮಾವ ವ್ಯಾನಿನಲ್ಲಿ ಬಿಡಿಭಾಗ ತರಲು ಹೋಗಿದ್ದರು. ಬಂದರು, ನಿಲ್ಲಿಸಿದರು. ಕೀ ತಿರುಗಿಸಿ ಆಫ್ ಮಾಡಿದ್ದನ್ನು ನಾನೇ ನೋಡಿದೆ. ಪಕ್ಕದ ಟೈರ್ ಅಂಗಡಿಯ ಕಂಪ್ರೆಸರ್ ಕಿರುಚುತ್ತಿತ್ತು. ಬಾನೆಟ್ ಎತ್ತಿ, ರೇಡಿಯೇಟರಿನ ಹೋಸ್ ಪೈಪು ಎಷ್ಟು ಕಾದಿದೆ ಅಂತ ಮುಟ್ಟಲು ಕೈ ಹಾಕಿದರು — ಜೀವಮಾನವೆಲ್ಲ ಹಾಕಿದ ಹಾಗೆ. ಎಂಜಿನ್ ನಿಂತರೆ ಫ್ಯಾನ್ ನಿಂತಿತು. ಆ ಕೈಗೆ ಗೊತ್ತಿದ್ದದ್ದು ಅಷ್ಟೇ.

ನಾನು ಕೂಗುವಷ್ಟರಲ್ಲಿ ಫ್ಯಾನ್ ಎದ್ದಿತ್ತು.

ನಡುಬೆರಳಿನ ತುದಿ ಹೋಯಿತು. ಪಕ್ಕದ್ದಕ್ಕೆ ಹೊಲಿಗೆ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಗಾಯ ತೊಳೆಯುತ್ತಾ ಕೇಳಿದರು, "ಎಂಜಿನ್ ಓಡ್ತಿತ್ತಾ?" ನನ್ನವಳೂ ನನ್ನ ಮುಖ ನೋಡಿದಳು.

"ಹೌದು. ಓಡ್ತಿತ್ತು."

ಮಾವ ಮಂಚದಿಂದ ತಲೆ ಎತ್ತಿದರು. "ಓಡ್ತಿತ್ತಾ? ನಾನು ಆಫ್ ಮಾಡಿದ್ನಲ್ಲೋ..."

"ಇಲ್ಲ ಮಾವ. ಓಡ್ತಾನೇ ಇತ್ತು."

ಮೊದಲನೆಯದು ಬಾಯಿ ತಪ್ಪಿ ಬಂತು ಅನ್ನಬಹುದು. ಎರಡನೆಯದನ್ನು ಅವರ ಕಣ್ಣು ನೋಡಿಕೊಂಡೇ ಹೇಳಿದೆ.

ಮಾರ್ಚ್ 11

ಯಾರೂ ಏಳುವ ಮೊದಲೇ ಗ್ಯಾರೇಜಿಗೆ ಹೋದೆ. ಬ್ಯಾಟರಿ ವೈರ್ ಕಿತ್ತು ಕೀ ಲೈನಿಗೆ ಸೇರಿಸಿದೆ. ಇನ್ನು ಯಾರು ನೋಡಿದರೂ, ಕೀ ಆಫ್ ಆದರೆ ಫ್ಯಾನೂ ಆಫ್. ಟೀ ಕುಡಿಯುವಷ್ಟು ಹೊತ್ತಿನ ಕೆಲಸ. ರಕ್ತ ಒರೆಸಿದೆ. ಟೇಪ್ ಸುತ್ತಿ, ಹೊಸದೆಂದು ಗೊತ್ತಾಗದಂತೆ ಅದಕ್ಕೆ ಗ್ರೀಸ್ ಸವರಿದೆ. ನನ್ನ ಜನ್ಮದಲ್ಲಿ ಇಷ್ಟು ನೀಟಾಗಿ ಕೆಲಸ ಮಾಡಿದ್ದಿಲ್ಲ. ಥೂ.

ಮಾರ್ಚ್ 19

ಮಾವ ಮನೆಯಲ್ಲೇ ಇದ್ದಾರೆ. ಬಂದವರೆಲ್ಲ ಅದೇ ಮಾತು. ಟೈರ್ ಅಂಗಡಿಯವನಂತೂ ಬಾಗಿಲಲ್ಲೇ ಶುರು ಮಾಡಿದ, "ಏನ್ ಮೇಸ್ತ್ರೀ, ಓಡೋ ಎಂಜಿನ್‌ಗೆ ಕೈ ಹಾಕಿದ್ರಂತೆ! ನಮಗೆಲ್ಲ ಬುದ್ಧಿ ಹೇಳ್ತಿದ್ದೋರು!" ಮಾವ ಅವನ ಜೊತೆ ನಕ್ಕರು. ಅವನು ಹೋದ ಮೇಲೆ ಗೋಡೆ ಕಡೆ ತಿರುಗಿ ಮಲಗಿದರು.

ಬಾನೆಟ್ ಮುಚ್ಚಿದ್ದಾಗಲೇ ಸದ್ದು ಕೇಳಿ ಯಾವ ಬೇರಿಂಗ್ ಹೋಗಿದೆ ಅಂತ ಹೇಳುವ ಮನುಷ್ಯ. ಈಗ ಅಡುಗೆಮನೆಯಲ್ಲಿ ಫ್ರಿಜ್ ಮುಂದೆ ನಿಂತು ಕಿವಿ ಕೊಡುತ್ತಾರೆ. "ನಿಂತಿದೆ ಅಲ್ವಾ ಇದು? ನಂಗೆ ನಿಂತಿದೆ ಅನ್ಸುತ್ತೆ. ನೀನು ಹೇಳು." ನನ್ನನ್ನೇ ಕೇಳುತ್ತಾರೆ. ನನ್ನನ್ನು!

"ನಿಂತಿದೆ ಮಾವ" ಅಂದೆ. ಅವರಿಗೆ ಸಮಾಧಾನ.

ಮಾರ್ಚ್ 27

ಮಾವನ ಕಿವಿ ಪರೀಕ್ಷೆ ಮಾಡಿಸಿದೆವು. ವಯಸ್ಸಿಗೆ ಹೋಲಿಸಿದರೆ ಬಹಳ ಚೆನ್ನಾಗಿದೆಯಂತೆ. ಅಬ್ಬ, ಇಷ್ಟಕ್ಕೇ ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ. ಮನೆಗೆ ಬಂದ ಮೇಲೆ ನನ್ನವಳು ಪಾತ್ರೆ ತೊಳೆಯುತ್ತಾ ನಿಂತಲ್ಲೇ ಅತ್ತಳು.

"ಕಿವಿ ಸರಿ ಇದ್ದೂ ಸದ್ದು ಗೊತ್ತಾಗಿಲ್ಲ, ಆಫ್ ಮಾಡದೇ ಮಾಡಿದೀನಿ ಅಂತಾರೆ ಅಂದ್ರೆ... ಮರೆವು ರೀ. ಅಪ್ಪನಿಗೆ ಶುರುವಾಗಿದೆ. ಇನ್ಮೇಲೆ ಅವರ ಕೈಗೆ ಕೀ ಕೊಡ್ಬೇಡಿ."

ಬೆನ್ನು ಸವರಿ ಸಮಾಧಾನ ಮಾಡಿದೆ. ಗಾಯ ಮಾಡಿದವನೇ ಮುಲಾಮು ಹಚ್ಚಲು ನಿಂತ ಹಾಗೆ.

ಏಪ್ರಿಲ್ 2

ನಾವು ಕೇಳುವ ಮೊದಲೇ ಮಾವ ವ್ಯಾನಿನ ಕೀ, ಗ್ಯಾರೇಜಿನ ಬೀಗದ ಕೈ ಎರಡನ್ನೂ ನನ್ನ ಅಂಗೈಗೆ ಹಾಕಿದರು.

"ಇಟ್ಕೋಳೋ. ಆಫ್ ಮಾಡದೇ ಮಾಡಿದೀನಿ ಅನ್ಕೊಂಡೆ, ನನ್ನ ಬೆರಳು ಹೋಯ್ತು, ಹೋಗ್ಲಿ. ನಾಳೆ ಯಾರದ್ದೋ ಬ್ರೇಕ್ ಟೈಟ್ ಮಾಡದೇ ಮಾಡಿದೀನಿ ಅನ್ಕೊಂಡ್ರೆ? ಅದ್ರಲ್ಲಿ ಮಕ್ಕಳು ಮರಿ ಕೂತಿರ್ತಾರೆ."

ಈ ಗ್ಯಾರೇಜ್ ನನ್ನದಾಗಲಿ ಅಂತ ಎಷ್ಟು ಸಲ ಆಸೆಪಟ್ಟಿದ್ದೆ. ಕೈ ಮುಚ್ಚಿ ಕೀ ಇಟ್ಟುಕೊಂಡೆ. ನಾಚಿಕೆಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಭೂಮಿ ಬಿಡಲಿಲ್ಲ, ನಾನೂ ಬಿಡಲಿಲ್ಲ.

ಏಪ್ರಿಲ್ 3

ಇವತ್ತು ಹೇಳುತ್ತೇನೆ.

ಹೇಳಲಿಲ್ಲ.

ಏಪ್ರಿಲ್ 6, ಭಾನುವಾರ, ಸಂಜೆ

ಹೇಳಿದೆ.

ಮಾವ ಹೊರಗೆ ಮೆಟ್ಟಿಲ ಮೇಲೆ ಕೂತು ತಮ್ಮಷ್ಟಕ್ಕೆ ಗುಣುಗುತ್ತಿದ್ದರು — ಒಂದು, ಮೂರು, ನಾಲ್ಕು, ಎರಡು. ಎಂಜಿನ್ನಿನ ಸಿಲಿಂಡರ್ ಯಾವುದರ ಹಿಂದೆ ಯಾವುದು ಉರಿಯುತ್ತದೆ ಅನ್ನುವ ಲೆಕ್ಕ. ನಾನು ಸೇರಿದ ಮೊದಲ ದಿನ ನನಗೆ ಬಾಯಿಪಾಠ ಮಾಡಿಸಿದ್ದು. ನನ್ನನ್ನು ಕಂಡು, "ಸರಿ ಹೇಳಿದ್ನೇನೋ?" ಅಂದರು, ಟೀಚರ್ ಮುಂದೆ ನಿಂತ ಮಗುವಿನ ಹಾಗೆ.

ತಡೆಯಲಾಗಲಿಲ್ಲ. "ಮಾವ, ಅವತ್ತು ಎಂಜಿನ್ ಆಫ್ ಇತ್ತು." ಎಲ್ಲ ಹೇಳಿದೆ. ಬ್ಯಾಟರಿಯಿಂದ ಎಳೆದದ್ದು, ಬೇಕೆಂದೇ ತಿಳಿಸದೆ ಉಳಿದದ್ದು, ಆಸ್ಪತ್ರೆಯ ಸುಳ್ಳು, ಬೆಳಗ್ಗೆ ವೈರ್ ಬದಲಿಸಿದ್ದು. ತಲೆ ತಗ್ಗಿಸಿ ಏಟಿಗೆ ಕಾದೆ.

"ಆಫ್ ಇತ್ತಾ?"

"ಹೂಂ."

"ನಾನೇ ಮಾಡಿದ್ನಾ, ಆಫ್?"

"ನಾನೇ ನೋಡಿದೆ ಮಾವ."

ಪಟ್ಟಿ ಕಟ್ಟಿದ ಕೈಯಲ್ಲೇ ತೊಡೆ ತಟ್ಟಿ, ನೋವಿಗೆ "ಅಯ್ಯಮ್ಮಾ" ಅಂತ ಕೂಗಿ, ನಕ್ಕರು. "ಹಾಗಾದ್ರೆ ನನ್ನ ತಲೆ ನೆಟ್ಟಗಿದೆ ಕಣೋ! ನೆಟ್ಟಗಿದೆ!" ಕಣ್ಣಲ್ಲಿ ನೀರು. ನನ್ನ ಭುಜ ಹಿಡಿದು ಅಲ್ಲಾಡಿಸಿದರು. ಬೈಯಲೇ ಇಲ್ಲ. ಬೈಯುವುದು ಅವರಿಗೆ ಹೊಳೆಯಲೇ ಇಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಕೂಡಲೇ ಟೈರ್ ಅಂಗಡಿಯವನಿಗೆ ಫೋನ್. "ಆಫ್ ಇತ್ತಂತೆ ಕಣಯ್ಯಾ! ಅಳಿಯನೇ ಹೇಳ್ತಿದಾನೆ!" ಆಮೇಲೆ ಒಳಗೆ ಕೂಗಿದರು, "ಮಗಳೇ, ಬಾ ಇಲ್ಲಿ! ನಂಗೇನೂ ಆಗಿಲ್ಲ ಕಣೇ!"

ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಬಂದಳು. ಕೇಳಿದಳು. ಅಪ್ಪನನ್ನು ತಬ್ಬಿಕೊಂಡು ಅವಳೂ ನಕ್ಕಳು. ಅವರ ಹೆಗಲ ಮೇಲಿನಿಂದ ನನ್ನನ್ನು ನೋಡಿದಳು. ನಗು ನಿಂತಿತು.

"ಆಸ್ಪತ್ರೇಲಿ ನಾನು ಪಕ್ಕದಲ್ಲೇ ಇದ್ದೆ" ಅಂದಳು. ಒಳಗೆ ಹೋದಳು.

ಅದೇ ದಿನ, ಏಳೂವರೆ

ಮಾವ ಶರ್ಟ್ ಬದಲಿಸಿ ಟೈರ್ ಅಂಗಡಿಗೆ ಹೋಗಿದ್ದಾರೆ, ಎದುರಿಗೇ ಹೇಳಿ ಬರಲು. ಮನೆಯಲ್ಲಿ ನಾವಿಬ್ಬರೇ. ಒಳಗಿನಿಂದ ಒಮ್ಮೆ ಕರೆದಳು. "ಇಲ್ಲಿ ಬನ್ನಿ." ಎಂದಿನ 'ರೀ' ಇರಲಿಲ್ಲ.

ಹೋಗುತ್ತೇನೆ. ಏನೂ ಮುಚ್ಚಿಡುವುದಿಲ್ಲ. ಮೊದಲ ಸಲ 'ಓಡ್ತಿತ್ತು' ಅಂದದ್ದು ಹೆದರಿಕೆಗೆ, ಅದನ್ನು ನಂಬಬಹುದು ಅವಳು. ಎರಡನೇ ಸಲ, ಅವರು ತಲೆ ಎತ್ತಿ ಕೇಳಿದಾಗ, ನಾನು ಹಾಗಂದದ್ದು ಒಮ್ಮೆಯಾದರೂ ತಪ್ಪು ಅವರದಾಗಲಿ ಅಂತ.