ಕಾಶಿಯಲ್ಲಿ ಬಿಟ್ಟ ಮಾತು

ಸೋನಾರ್‌ಪುರ, ಕಾಶಿ
೧೨ ನವೆಂಬರ್ ೨೦೨೪

ತಂಗಿ ಶಿವಗಂಗಾ,

ನಾನು ಗಟ್ಟಿಯಾಗಿದ್ದೇನೆ, ನೀನೂ ಗಟ್ಟಿಯಾಗಿರು. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ತಡವಾಯಿತೆಂದು ಮುಖ ತಿರುಗಿಸಬೇಡ. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಸಾಡಿ ಬಂದವಳು ನಾನು, ಒಂದು ಸಾಲು ಬರೆಯುವಷ್ಟರಲ್ಲಿ ಕೈ ನೋಯುತ್ತದೆ. ಫೋನು ಮಾಡೋಣವೆಂದರೆ ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡುತ್ತೀಯ. ಹದಿನೈದು ವರ್ಷ ಮಾತು ಬಿಟ್ಟಿದ್ದವಳು "ಅಕ್ಕ ಬೈಗುಳ ಬಿಟ್ಟರೆ ಮಾತ್ರ ಕಾಶಿಗೆ ಬರುತ್ತೇನೆ" ಎಂದು ಬರೆದಿದ್ದೀಯಲ್ಲ, ಅಷ್ಟು ಸಾಕಾಯಿತು ನನಗೆ.

ಬಿಟ್ಟೆ ಕಣೇ. ಕಾಶಿಗೆ ಬಂದವರು ತಮಗೆ ಇಷ್ಟವಾದದ್ದೊಂದನ್ನು ಗಂಗೆಯಲ್ಲಿ ಬಿಡಬೇಕಲ್ಲ. ನಿನ್ನ ಭಾವ ಬಂದಿದ್ದಾಗ ಹಾಗಲಕಾಯಿ ಬಿಟ್ಟರು, ಜನ್ಮದಲ್ಲಿ ಅದನ್ನು ಮುಟ್ಟಿದವರಲ್ಲ! ನಾನು ಹಾಗೆ ಮೋಸ ಮಾಡಲಿಲ್ಲ. ಸೊಂಟದವರೆಗೆ ನೀರಲ್ಲಿ ನಿಂತು ಬೈಗುಳ ಬಿಟ್ಟೆ. ಮಗಳು ವೈದೇಹಿ ಮೆಟ್ಟಿಲ ಮೇಲೆ ನಿಂತು ಕಣ್ಣೊರೆಸಿಕೊಂಡಳು. ಭಕ್ತಿಗಲ್ಲ, ನೆಮ್ಮದಿಗೆ. ಅವಳನ್ನು ಬ್ಯಾಂಕಿನವರು ಇಲ್ಲಿಗೆ ವರ್ಗ ಮಾಡಿದಾಗಿನಿಂದ ಓಣಿಯವರ ಜೊತೆ ನನ್ನ ಜಗಳ ಬಿಡಿಸುವುದೇ ಅವಳ ಇನ್ನೊಂದು ಕೆಲಸ.

ಮೊದಲ ವಾರ ಬೈಯದೆ ಹೊಟ್ಟೆ ಉಬ್ಬರಿಸಿತು. ಗೂಳಿಯೊಂದು ನನ್ನ ಚೀಲಕ್ಕೇ ಬಾಯಿ ಹಾಕಿ ಸೊಪ್ಪು ತಿಂದರೂ "ತಿನ್ನಪ್ಪ" ಅಂದೆ. ಆಮೇಲೊಂದು ದಿನ ಮೊಮ್ಮಗಳು ಅದಿತಿ ಫೋನಿನಲ್ಲಿ ಯಾರಿಗೋ "ಬುಲ್‌ಶಿಟ್!" ಎಂದು ಕೂಗಿದಳು. ಕೇಳುವುದಕ್ಕೇ ಬಾಯಿ ತುಂಬಿದಂತಿತ್ತು.

"ಹಾಗಂದರೆ ಏನೇ?"

"ಬೇಡ ಅಜ್ಜಿ, ಗಂದೀ ಬಾತ್, ಹೊಲಸು ಮಾತು."

"ಹೇಳೇ!"

"ಗೂಳಿ ಸಗಣಿ."

ಅಷ್ಟೇನಾ! ಅಪ್ಪನ ಹಟ್ಟಿಯಲ್ಲಿ ಅದನ್ನು ಬಾಚಿ, ಬೆರಣಿ ತಟ್ಟಿ, ಅಂಗಳ ಸಾರಿಸಿದವರು ನಾವಿಬ್ಬರು. ಸಗಣಿ ಬೈಗುಳ ಹೇಗಾದೀತು? ಅವತ್ತಿನಿಂದ ಹಾಲು ಉಕ್ಕಿದರೂ ಅದೇ, ಕರೆಂಟು ಹೋದರೂ ಅದೇ. ಅದಿತಿಗೆ ತಲೆಚಿಟ್ಟು. "ಹಾಲಿಗೆ ಹಾಗನ್ನಲ್ಲ ಅಜ್ಜಿ! ಯಾರಾದ್ರೂ ಸುಳ್ಳು ಬುರುಡೆ ಬಿಟ್ಟರೆ ಮಾತ್ರ ಅನ್ನಬೇಕು" ಎಂದು ಟೀಚರಮ್ಮನ ಹಾಗೆ ಪಾಠ ಮಾಡಿದಳು.

ಕಳೆದ ಸೋಮವಾರ ನಿನಗೊಂದು ಸೀರೆ ತರಲು ಹೋದೆವು. ಅಂಗಡಿಯವನು ನೈಲಾನಿನಂಥದ್ದೊಂದನ್ನು ಹರಡಿ, "ಅಸಲಿ ರೇಷಮ್ ಹೈ, ಮಾತಾಜೀ" ಎಂದ. ಅಂಚು ಉಜ್ಜಿ ನೋಡಿದೆ. ಹಳೆಯ ಮಾತೆಲ್ಲ ಗಂಟಲಿಗೆ ಬಂದಿತ್ತು. ನುಂಗಿಕೊಂಡು "ಬುಲ್‌ಶಿಟ್" ಅಂದೆ. ಅಂಗಡಿಯವನು ಗಾದಿಯ ಮೇಲೆ ಬಿದ್ದು ಬಿದ್ದು ನಕ್ಕು, "ಅರೇ, ಮಾತಾಜೀ ಕೋ ಚಾಯ್ ಪಿಲಾವೋ!" ಎಂದು ಚಹಾ ತರಿಸಿ, ಒಳಗಿನಿಂದ ನಿಜವಾದ ರೇಷ್ಮೆ ತಂದ. ಅದಿತಿ ನನ್ನ ಬೆನ್ನು ತಟ್ಟಿ, "ಈಗ ಸರಿಯಾದ ಜಾಗದಲ್ಲಿ ಬಳಸಿದೆ" ಎಂದಳು. ಸೀರೆ ಹಸಿರು, ಸಣ್ಣ ಅಂಚು, ನಿನ್ನ ಮೈಬಣ್ಣಕ್ಕೆ ಒಪ್ಪುತ್ತದೆ.

ವೈದೇಹಿ ಮಾತ್ರ, "ಅದು ಹೊಲಸು ಮಾತೇ ಅಮ್ಮ, ನಿನ್ನ ವ್ರತ ಕೆಟ್ಟಿತು, ಇನ್ನು ಚಿಕ್ಕಮ್ಮ ಬಂದ ಹಾಗೇ" ಎನ್ನುತ್ತಾಳೆ. ತೀರ್ಪು ನಿನ್ನದು. ಕೆಟ್ಟಿತು ಅಂದರೆ ಮತ್ತೆ ಮುಳುಗಿ ಏಳುತ್ತೇನೆ, ಚಳಿಯಾದರೂ ಸರಿ.

ನಿನ್ನನ್ನೂ ನಿನ್ನ ಯಜಮಾನರನ್ನೂ ವಿಶ್ವನಾಥ ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಕಾಳಮ್ಮ

ತಾ.ಕ.: ಅದಿತಿಯ ತೊಟ್ಟಿಲ ಶಾಸ್ತ್ರದ ದಿನ ನೀನು ಮಗು ಎತ್ತಿಕೊಳ್ಳಲು ಕೈ ಚಾಚಿದೆ. ಅಷ್ಟು ಜನರ ಮುಂದೆ "ಬಂಜೆ ಕೈ ಸೋಕಿಸಬೇಡ" ಅಂದೆ ನಾನು. ಅದನ್ನು ಯಾರೂ ಹೊಲಸು ಮಾತು ಅನ್ನಲಿಲ್ಲ, ಯಾರೂ ನನ್ನನ್ನು ಗದರಿಸಲೂ ಇಲ್ಲ. ಗಂಗೆಯಲ್ಲಿ ಬಾಯಲ್ಲಿ ಬೈಗುಳ ಬಿಟ್ಟೆ ಅಂದೆ, ಮನಸ್ಸಿನಲ್ಲಿ ಬಿಟ್ಟದ್ದು ಆ ಒಂದೇ ಮಾತು. ಇಲ್ಲಿ ಬರೆದದ್ದೇ ಕೊನೆ. ನೀನು ಬರುವ ದಿನ ಅದಿತಿಯನ್ನೇ ಕಂಟೋನ್ಮೆಂಟ್ ಸ್ಟೇಷನ್ನಿಗೆ ಕಳಿಸುತ್ತೇನೆ. ನನಗಿಂತ ಎತ್ತರ ಬೆಳೆದಿದ್ದಾಳೆ, ಎತ್ತಿಕೊಳ್ಳಲು ಆಗುವುದಿಲ್ಲ. ಅವಳ ಕೈ ಹಿಡಿದುಕೊಂಡು ಮನೆಗೆ ಬಾ.