ಹಳದಿಯಾಗಲು ಬಿಡದ ಗದ್ದೆ

ದಾಸನಕೊಪ್ಪ
ನವೆಂಬರ್ ೬, ೨೦೨೫

ಕಿರಣ ಅವರಿಗೆ,

ಬೆಳಗಿನ ಮಂಜೂ ಎದ್ದಿಲ್ಲ, ಮನೆಯಲ್ಲಿ ಯಾರೂ ಎದ್ದಿಲ್ಲ. ಗದ್ದೆಯ ಬದುವಿನ ಮೇಲೆ ಕೂತು ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನನಗೆ ಧೈರ್ಯವೂ ಬರುವುದಿಲ್ಲ, ಪ್ರಾಸವೂ ಬರುವುದಿಲ್ಲ.

ಮಹಾನವಮಿ ಕಳೆದ ಮೇಲೆ ನೀವು ನನ್ನನ್ನು ನೋಡಲು ಬಂದಾಗ ಗದ್ದೆಗೂ ಇಳಿದಿರಿ. ಹೆಣ್ಣಿಗಿಂತ ಭತ್ತವನ್ನೇ ಹೆಚ್ಚು ಹೊತ್ತು ನೋಡಿದಿರೆಂದು ಅವ್ವ ಇವತ್ತಿಗೂ ಆಡಿಕೊಳ್ಳುತ್ತಾಳೆ. ಸಿದ್ದಾಪುರದಲ್ಲಿ ಬೀಜದ ಭತ್ತ ಬೆಳೆಯುವವರು ನೀವು, ಕಣ್ಣು ಅತ್ತ ಹೋಗುವುದು ಸಹಜ. ತೆನೆಯಲ್ಲಿ ಹಾಲು ತುಂಬುತ್ತಿತ್ತು, ಬುಡದ ಎಲೆಗಳು ಹಳದಿಗೆ ತಿರುಗಿದ್ದವು. ನನ್ನ ತಮ್ಮ ಗಣಪ ಗಾಬರಿಯಾಗಿ, ಯೂರಿಯಾ ಒಗೀತೀನಿ ಅಂದ. ನೀವು ಮೆಲ್ಲಗೆ, "ಬ್ಯಾಡ ಮಾರಾಯಾ. ಎಲೆ ತನ್ನಲ್ಲಿದ್ದಿದ್ದನ್ನ ಕಾಳಿಗೆ ಕೊಟ್ಟು ಹಣ್ಣಾಗ್ತಾ ಇದೆ, ಆಗ್ಲಿ ಬಿಡು" ಅಂದಿರಿ. ಎಳೆ ಎಲೆಗೆ ಬೆಂಕಿ ರೋಗ ಬೇಗ ಹತ್ತುತ್ತದೆ, ಬಲಿತ ಎಲೆ ತಡೆಯುತ್ತದೆ ಎಂದೂ ಹೇಳಿದಿರಿ. ತೀರಾ ಹಣ್ಣಾದರೆ ಎಂದು ನಾನು ಕೇಳಿದೆ. ಆಗ ಕಂದು ಚುಕ್ಕೆ ಬೀಳುತ್ತದೆ, ಅಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ ಎಂದಿರಿ. ಅದು ಎಲೆಯ ಬಗ್ಗೆ ಮಾತ್ರ ಆಡಿದ ಮಾತೇ ಎಂದು ಪಾತ್ರೆ ತೊಳೆಯುತ್ತ ಬಹಳ ಯೋಚಿಸಿದೆ.

ನಿಮ್ಮ ಬಸ್ಸು ತಿರುವು ದಾಟುವುದನ್ನೇ ಗಣಪ ಕಾಯುತ್ತಿದ್ದ. ಮರುದಿನವೇ ಗೊಬ್ಬರ ಎರಚಿದ. ಗದ್ದೆ ಕಪ್ಪಗಿನ ಹಸಿರಾಗಿ, ನಾಟಿಯ ಆಷಾಢಕ್ಕೆ ಮರಳಿ ಹೋದಂತಿತ್ತು. ಮಂಜಿನಲ್ಲಿ ನಡೆದರೆ ನನಗೂ ಇಪ್ಪತ್ತು ಎಂಬ ಭ್ರಮೆ. "ನೋಡಬೇ ಅವ್ವ, ಹೆಂಗ ಪ್ರಾಯ ತಿರುಗಿ ತಂದೀನಿ" ಎಂದು ಅವನು ಬೀಗಿದ. ಎಳೆತನ ಮರಳಿದ ಪೈರಿಗೆ ಬೆಂಕಿ ರೋಗವೂ ಬಂತು. ತೆನೆಯ ಕುತ್ತಿಗೆ ಕಪ್ಪಾಗಿ ಅರ್ಧ ಗದ್ದೆ ಜೊಳ್ಳಾಯಿತು. ಪಕ್ಕದ ಚೌಡನ ಗದ್ದೆ ತನ್ನ ಪಾಡಿಗೆ ಹಳದಿಯಾಗಿ, ಈಗ ತೆನೆಯ ಭಾರಕ್ಕೆ ಬಾಗಿದೆ.

ಹಸಿರೇ ಇರಲೆಂದ ಗಣಪ,
ಈಗ ಮಾಡುತ್ತಾನೆ ಜೊಳ್ಳಿನ ಜಪ

ಅಂದದ್ದಕ್ಕೆ ನನ್ನೊಡನೆ ಮಾತು ಬಿಟ್ಟಿದ್ದಾನೆ. ಅವ್ವನೊಡನೆ ಬಿಟ್ಟಿಲ್ಲ, ಊಟ ಬಡಿಸುವವಳು ಅವಳು.

ಅವನು ಎಳೆಯದಾಗಿಸಲು ಹೋದದ್ದು ಗದ್ದೆಯನ್ನು ಮಾತ್ರವಲ್ಲ. ನಿಮಗೆ ಹೇಳಿದ ಮೂವತ್ತೆಂಟು ಅವನ ಲೆಕ್ಕ. ನನಗೆ ನಲವತ್ತೈದು ತುಂಬಿದೆ. ನೀವು ನೋಡಿದ ಕಪ್ಪು ಕೂದಲು ಅವನು ತಂದ ಬಣ್ಣದ ಪೊಟ್ಟಣದ್ದು. "ಸುಮ್ಕ ಹಚ್ಕೋ ಅಕ್ಕ, ಮದುವಿ ಆದ ಮ್ಯಾಲೆ ಹೇಳಿದ್ರಾತು" ಎಂದಿದ್ದ. ನಿಮ್ಮ ಒಪ್ಪಿಗೆ ಬಂದ ದಿನ ಮನೆಯಲ್ಲಿ ಪಾಯಸ. ನೀವು ಒಪ್ಪಿದ್ದು ಬೇರೆ ಯಾರನ್ನೋ ಎಂದು ನನಗನ್ನಿಸುತ್ತಿತ್ತು. ಈಗ ಬೈತಲೆಯಲ್ಲಿ ಬೆರಳಗಲ ಬಿಳಿ ಬಂದಿದೆ. ಮತ್ತೆ ಹಚ್ಚುವುದಿಲ್ಲ.

ನಿಮ್ಮ ಮನೆಗೆ ಬರುವ ಆಸೆ ನನಗಿದೆ. ಎಷ್ಟೆಂದರೆ, ಕನಸಿನಲ್ಲಿ ನಿಮ್ಮ ಕಣದಲ್ಲಿ ಕೂತು ಬೀಜ ಕೇರುತ್ತಿರುತ್ತೇನೆ. ಅವ್ವ ಎಬ್ಬಿಸಿದರೆ ಸಿಟ್ಟು ಬರುತ್ತದೆ. ಆದರೆ ಇನ್ನು ಮಕ್ಕಳಾಗುವ ಭರವಸೆ ಕೊಡಲಾರೆ. ಅದನ್ನೂ ತಿಳಿದು ಹೇಳಿ. ಬೇಡವೆಂದರೆ ಬಯ್ಯುವುದಿಲ್ಲ. ಪ್ರಾಸ ಕಟ್ಟುವುದಿಲ್ಲ ಎಂದು ಮಾತ್ರ ಹೇಳಲಾರೆ.

ಇದ್ದಷ್ಟೇ ವಯಸ್ಸಿನ,
ನೇತ್ರಾ

ತಾ.ಕ.: ಇದನ್ನು ಅಂಚೆಗೆ ಹಾಕುತ್ತಿಲ್ಲ. ಶಿರಸಿಯಲ್ಲಿ ಬಸ್ಸು ಬದಲಿಸಿ ನಾನೇ ತರುತ್ತಿದ್ದೇನೆ. ನೀವು ಇಲ್ಲಿಯವರೆಗೆ ಓದಿದ್ದರೆ ನಾನು ನಿಮ್ಮ ಅಂಗಳದಲ್ಲಿ ನಿಂತಿರುತ್ತೇನೆ. ಉತ್ತರ ಬರೆಯಬೇಕಾಗಿಲ್ಲ, ತಲೆಯೆತ್ತಿದರೆ ಸಾಕು.